ಸ್ಟೋರೇಜ್ ಮೊದಲು, ಬೆಲೆ ಆಮೇಲೆ: ಬರಲಿರುವ ಫೋನುಗಳ ದರವನ್ನು ನಾನು ಅಂದಾಜಿಸುವ ಬಗೆ

ದಾವಣಗೆರೆಯ ನನ್ನ ಮೊಬೈಲ್ ಅಂಗಡಿಯಲ್ಲಿ ವರ್ಷಕ್ಕೆ ಎರಡು ಬಾರಿ ದೊಡ್ಡ ಲೆಕ್ಕಾಚಾರ ನಡೆಯುತ್ತದೆ. ಒಂದು, ಜನವರಿಯ ಆಸುಪಾಸಿನಲ್ಲಿ ಸ್ಯಾಮ್‌ಸಂಗ್ ಎಸ್ ಸರಣಿ ಮತ್ತು ಒನ್‌ಪ್ಲಸ್ ಬರುವ ಮುನ್ನ. ಇನ್ನೊಂದು, ಸೆಪ್ಟೆಂಬರಿನಲ್ಲಿ ಐಫೋನ್ ಬರುವ ಮುನ್ನ. ಹೊಸ ಫೋನು ಘೋಷಣೆಯಾದ ದಿನವೇ ಹಳೆಯ ಫೋನಿನ ದರ ಇಳಿಯುತ್ತದೆ, ಮತ್ತು ಆ ಇಳಿಕೆ ನನ್ನ ಕಪಾಟಿನಲ್ಲಿ ಉಳಿದಿರುವ ಪ್ರತಿಯೊಂದು ಸೀಲ್ ಪ್ಯಾಕ್ ಡಬ್ಬಿಯ ಮೇಲೂ ಬೀಳುತ್ತದೆ. ಪ್ರೈಸ್ ಡ್ರಾಪ್ ಆದಾಗ ವಿತರಕರಿಂದ ಸಿಗುವ ಪರಿಹಾರಕ್ಕೆ ನಿಬಂಧನೆಗಳಿರುತ್ತವೆ. ಯಾವ ತಾರೀಖಿನ ನಂತರ ಬಿಲ್ ಆದ ಮಾಲಿಗೆ ಅದು ಅನ್ವಯಿಸುತ್ತದೆ ಎಂಬುದು ಪ್ರತಿ ಬಾರಿಯೂ ಬೇರೆ. ಆದ್ದರಿಂದ ಯಾವ ಮಾದರಿಯನ್ನು ಎಷ್ಟು ತರಿಸಬೇಕು, ಯಾವುದನ್ನು ಮೊದಲೇ ಖಾಲಿ ಮಾಡಬೇಕು, ಗಿರಾಕಿಗೆ ಈಗಲೇ ಕೊಳ್ಳಿ ಎನ್ನಬೇಕೇ ಅಥವಾ ಒಂದು ತಿಂಗಳು ಕಾಯಿರಿ ಎನ್ನಬೇಕೇ ಎಂಬುದನ್ನು ತೀರ್ಮಾನಿಸಲು, ಇನ್ನೂ ಬಾರದ ಫೋನಿನ ಬೆಲೆ ನನಗೆ ಮುಂಚಿತವಾಗಿ ಬೇಕು.

ಈ ಕೆಲಸಕ್ಕೆ ನಾನು ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಪ್ರತಿ ಸರಣಿಗೂ ಒಂದು ಪುಟ, ಪ್ರತಿ ವರ್ಷಕ್ಕೂ ಒಂದು ಸಾಲು. ಸಾಲಿನಲ್ಲಿ ಮೊದಲು ಬರೆಯುವುದು ಬೆಲೆಯನ್ನಲ್ಲ, ಅತ್ಯಂತ ಕಡಿಮೆ ಸ್ಟೋರೇಜ್ ಎಷ್ಟು ಎಂಬುದನ್ನು. ಆಮೇಲೆ ಅದರ ಮೇಲಿನ ಮೆಟ್ಟಿಲು, ಅದರ ಮೇಲಿನದು, ಪ್ರತಿ ಮೆಟ್ಟಿಲಿನ ನಡುವಿನ ಬೆಲೆಯ ಅಂತರ. ಗಿರಾಕಿಗಳೂ ಸುದ್ದಿ ಬರೆಯುವವರೂ ಮೊದಲು ಕೇಳುವುದು ‘ಎಷ್ಟಾಗುತ್ತದೆ?’ ಎಂದು. ಆದರೆ ಫೋನು ಎಷ್ಟು ಜಿಬಿಯಿಂದ ಆರಂಭವಾಗುತ್ತದೆ ಎಂಬುದು ಗೊತ್ತಾಗದೆ ಆ ಪ್ರಶ್ನೆಗೆ ಉತ್ತರವೇ ಇಲ್ಲ ಎಂಬುದು ಈ ಪುಸ್ತಕ ನನಗೆ ಕಲಿಸಿದ ಮುಖ್ಯ ಸಂಗತಿ. ಕಂಪನಿಗಳು ದರ ಏರಿಸಬೇಕಾದಾಗ ನೇರವಾಗಿ ಏರಿಸುವುದಕ್ಕಿಂತ ಕೆಳಗಿನ ಮೆಟ್ಟಿಲನ್ನು ತೆಗೆದುಹಾಕುವುದೇ ಹೆಚ್ಚು. ಹಾಗೆ ತೆಗೆದಾಗ ಹೊಸ ಆರಂಭಿಕ ಬೆಲೆ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಒಂದು ಗಡಿಯಿದೆ, ಆ ಗಡಿಯನ್ನು ಹಿಡಿಯುವುದೇ ನನ್ನ ವಿಧಾನ.

ಐಫೋನಿನ ಪುಟವನ್ನೇ ತೆಗೆದುಕೊಳ್ಳೋಣ. 2017ರ ಐಫೋನ್ 8 ಆರಂಭವಾದದ್ದು 64 ಜಿಬಿಯಿಂದ. ಎಕ್ಸ್‌ಆರ್, 11 ಮತ್ತು 12 ಕೂಡ ಅಲ್ಲಿಂದಲೇ ಆರಂಭವಾದವು. 2021ರಲ್ಲಿ ಐಫೋನ್ 13 ಬಂದಾಗ 64 ಹೋಗಿ 128 ಜಿಬಿ ಮೊದಲ ಮೆಟ್ಟಿಲಾಯಿತು; 14, 15, 16 ಮೂರೂ ಅದನ್ನೇ ಮುಂದುವರಿಸಿದವು. ಅಂದರೆ 64ಕ್ಕೆ ನಾಲ್ಕು ಪೀಳಿಗೆ, 128ಕ್ಕೂ ನಾಲ್ಕು ಪೀಳಿಗೆ. ಈಗ ಬೆಲೆಯನ್ನು ಸೇರಿಸಿ ನೋಡಿ. ಐಫೋನ್ 12ರ 64 ಜಿಬಿಗೆ 79,900 ರೂಪಾಯಿ, 128 ಜಿಬಿಗೆ 84,900 ರೂಪಾಯಿ ಇತ್ತು. ಐಫೋನ್ 13ರ 128 ಜಿಬಿ 79,900ಕ್ಕೆ ಬಂತು. ಹೊಸ ಆರಂಭಿಕ ಬೆಲೆ ಹಳೆಯ ಮೊದಲ ಮೆಟ್ಟಿಲಿನ ಬೆಲೆಯಲ್ಲೇ ನಿಂತಿತು, ಹಳೆಯ ಎರಡನೆಯ ಮೆಟ್ಟಿಲಿಗೆ ಹೋಲಿಸಿದರೆ 5,000 ರೂಪಾಯಿ ಇಳಿಯಿತು. ಇದು ಗಿರಾಕಿಗೆ ಅತ್ಯಂತ ಅನುಕೂಲವಾದ ರೂಪ.

ಇದರ ವಿರುದ್ಧ ತುದಿಯಲ್ಲಿ 2023ರ ಐಫೋನ್ 15 ಪ್ರೊ ಮ್ಯಾಕ್ಸ್ ಇದೆ. ಅಮೆರಿಕದಲ್ಲಿ 14 ಪ್ರೊ ಮ್ಯಾಕ್ಸ್‌ನ 128 ಜಿಬಿಗೆ 1,099 ಡಾಲರ್, 256 ಜಿಬಿಗೆ 1,199 ಡಾಲರ್ ಇತ್ತು. 15 ಪ್ರೊ ಮ್ಯಾಕ್ಸ್‌ನಲ್ಲಿ 128 ಮಾಯವಾಯಿತು, 256 ಜಿಬಿ ಅದೇ 1,199 ಡಾಲರಿಗೆ ಬಂತು. ಒಂದೇ ಸ್ಟೋರೇಜಿಗೆ ಹೋಲಿಸಿದರೆ ದರ ಏರಿಲ್ಲ ಎಂದು ಹೇಳಬಹುದು, ಆದರೆ ಆ ಫೋನನ್ನು ಕೊಳ್ಳಲು ಬೇಕಾದ ಕನಿಷ್ಠ ಹಣ ನೂರು ಡಾಲರ್ ಏರಿತ್ತು. 2025ರಲ್ಲಿ 17 ಪ್ರೊಗೆ ಆದದ್ದೂ ಇದೇ: 16 ಪ್ರೊ 128 ಜಿಬಿಗೆ 999 ಡಾಲರ್, 256 ಜಿಬಿಗೆ 1,099 ಡಾಲರ್ ಇದ್ದದ್ದು, 17 ಪ್ರೊ 256 ಜಿಬಿಯಿಂದಲೇ 1,099 ಡಾಲರಿಗೆ ಆರಂಭವಾಯಿತು.

ಈ ಎರಡು ತುದಿಗಳ ನಡುವೆ, ಇಲ್ಲವೇ ಮೇಲಿನ ತುದಿಯಿಂದ ಸ್ವಲ್ಪ ಆಚೆ, ಉಳಿದವು ಬರುತ್ತವೆ. ಗೂಗಲ್ ಪಿಕ್ಸೆಲ್ 8 ಭಾರತದಲ್ಲಿ 128 ಜಿಬಿಗೆ 75,999 ಮತ್ತು 256 ಜಿಬಿಗೆ 82,999 ರೂಪಾಯಿ ಇತ್ತು. ಪಿಕ್ಸೆಲ್ 9 ಅಮೆರಿಕದಲ್ಲಿ 128 ಜಿಬಿಯಲ್ಲೂ ಸಿಗುತ್ತಿದ್ದರೂ ಭಾರತದಲ್ಲಿ ಮೊದಲು ಬಿಡುಗಡೆಯಾದದ್ದು 256 ಜಿಬಿ ಮಾತ್ರ, ಬೆಲೆ 79,999. ಹಳೆಯ ಎರಡು ಮೆಟ್ಟಿಲುಗಳ ನಡುವೆ ಸರಿಯಾಗಿ ಕೂತ ಬೆಲೆ ಇದು. ಒನ್‌ಪ್ಲಸ್ 11 ಭಾರತದಲ್ಲಿ 8 ಜಿಬಿ ರ್‍ಯಾಮ್ ಮತ್ತು 128 ಜಿಬಿಗೆ 56,999, 16 ಜಿಬಿ ರ್‍ಯಾಮ್ ಮತ್ತು 256 ಜಿಬಿಗೆ 61,999 ಇತ್ತು. 2024ರ ಜನವರಿಯಲ್ಲಿ ಒನ್‌ಪ್ಲಸ್ 12 ಬಂದಾಗ 128 ಇರಲಿಲ್ಲ, 12 ಜಿಬಿ ರ್‍ಯಾಮ್ ಮತ್ತು 256 ಜಿಬಿಯ ಆರಂಭಿಕ ದರ 64,999. ಸ್ಯಾಮ್‌ಸಂಗ್ ಎಸ್24 ಭಾರತದಲ್ಲಿ 128 ಜಿಬಿಗೆ 74,999, 256 ಜಿಬಿಗೆ 79,999 ಇತ್ತು. 2025ರ ಜನವರಿಯಲ್ಲಿ ಎಸ್25 256 ಜಿಬಿಯಿಂದ, 80,999 ರೂಪಾಯಿಯಿಂದ ಆರಂಭವಾಯಿತು. ಕೆಲವೇ ದಿನಗಳ ನಂತರ 128 ಜಿಬಿಯ ಮಾದರಿಯೊಂದು 74,999ಕ್ಕೆ ಮಾರುಕಟ್ಟೆಗೆ ಬಂತು. ತೆಗೆದ ಮೆಟ್ಟಿಲನ್ನು ಬೇಡಿಕೆ ನೋಡಿಕೊಂಡು ಮತ್ತೆ ಜೋಡಿಸಲೂ ಬಹುದು ಎಂಬುದಕ್ಕೆ ಇದು ಉದಾಹರಣೆ. ಹೊಸ ಸರಣಿ ಬಂದ ಮೊದಲ ತಿಂಗಳಲ್ಲಿ ಕಡಿಮೆ ಬೆಲೆಯ ಮಾದರಿ ಕೇಳುವವರಿಗೆ ನಾನು ಸ್ವಲ್ಪ ಕಾಯಲು ಹೇಳುವುದಕ್ಕೆ ಇದೇ ಕಾರಣ.

ಇವೆಲ್ಲವನ್ನೂ ಒಂದರ ಕೆಳಗೊಂದು ಬರೆದು ನೋಡಿದಾಗ ನನಗೆ ಕಂಡ ನಿಯಮ ಹೀಗಿದೆ. ಕೆಳಗಿನ ಮೆಟ್ಟಿಲು ಹೋದಾಗ ಹೊಸ ಆರಂಭಿಕ ಬೆಲೆ ಹಳೆಯ ಮೊದಲ ಮೆಟ್ಟಿಲಿಗಿಂತ ಕೆಳಗೆ ಹೋಗುವುದಿಲ್ಲ. ಕಂಪನಿಯ ತವರಿನ ಬೆಲೆಯಲ್ಲಿ ಹಳೆಯ ಎರಡನೆಯ ಮೆಟ್ಟಿಲನ್ನು ದಾಟುವುದೂ ಅಪರೂಪ. ರೂಪಾಯಿಯಲ್ಲಿ ದಾಟಿದರೆ ಅದರ ಕಾರಣವನ್ನು ವಿನಿಮಯ ದರದಲ್ಲೋ, ಸುಂಕದಲ್ಲೋ, ರ್‍ಯಾಮ್ ಬದಲಾವಣೆಯಲ್ಲೋ ಹುಡುಕಬೇಕು. ಇಷ್ಟು ಖಚಿತವಾದರೆ ಅಂದಾಜಿನ ಹರವು ಹತ್ತು ಸಾವಿರ ರೂಪಾಯಿಯೊಳಗೆ ಬಂದು ನಿಲ್ಲುತ್ತದೆ, ಮತ್ತು ವ್ಯಾಪಾರಕ್ಕೆ ಅಷ್ಟು ಸಾಕು.

ಹಾಗಾದರೆ ಮೆಟ್ಟಿಲು ಯಾವಾಗ ಹೋಗುತ್ತದೆ ಎಂದು ತಿಳಿಯುವುದು ಹೇಗೆ? ಇಲ್ಲಿ ನಾನು ಸೋರಿಕೆಯ ಸುದ್ದಿಗಿಂತ ಚಿಪ್ಪಿನ ಸಂಗತಿಗೆ ಹೆಚ್ಚು ತೂಕ ಕೊಡುತ್ತೇನೆ. ಫೋನಿನ ಸ್ಟೋರೇಜ್ ಎಂಬುದು ಒಂದರ ಮೇಲೊಂದು ಜೋಡಿಸಿದ, ನ್ಯಾಂಡ್ ಎಂಬ ಮೆಮೊರಿ ಚಿಪ್ಪಿನ ತೆಳು ಬಿಲ್ಲೆಗಳು. ತಯಾರಕರು ಪದರಗಳನ್ನು ಹೆಚ್ಚಿಸುತ್ತ ಹೋದಂತೆ ಒಂದೊಂದು ಬಿಲ್ಲೆಯ ಸಾಮರ್ಥ್ಯವೇ ಹೆಚ್ಚುತ್ತದೆ. ಒಂದು ಟೆರಾಬಿಟ್‌ನ ಒಂದೇ ಬಿಲ್ಲೆ ಎಂದರೆ 128 ಜಿಬಿ. ಆದರೆ ವೇಗ ಬರುವುದು ಹಲವು ಬಿಲ್ಲೆಗಳಿಗೆ ಏಕಕಾಲಕ್ಕೆ ಬರೆದಾಗ. ಒಂದೇ ಬಿಲ್ಲೆಯಿದ್ದರೆ ಆ ಅನುಕೂಲವಿಲ್ಲ. ಹೀಗಾಗಿ ಹೊಸ ಪೀಳಿಗೆಯ ವೇಗದ ಸ್ಟೋರೇಜ್ ಬಂದಾಗ ಕಡಿಮೆ ಸಾಮರ್ಥ್ಯದ ಚಿಪ್ಪುಗಳು ಹಿಂದೆ ಉಳಿಯುತ್ತವೆ. 2023ರ ಸ್ಯಾಮ್‌ಸಂಗ್ ಎಸ್23ರಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು: 256 ಜಿಬಿಯ ಮಾದರಿಯಲ್ಲಿ ಯುಎಫ್‌ಎಸ್ 4.0 ಎಂಬ ಹೊಸ ವೇಗದ ಸ್ಟೋರೇಜ್ ಇದ್ದರೆ 128 ಜಿಬಿಯ ಮಾದರಿಯಲ್ಲಿ ಹಳೆಯ ಯುಎಫ್‌ಎಸ್ 3.1 ಇತ್ತು. ಒಂದೇ ಹೆಸರಿನ ಫೋನಿನ ಎರಡು ಮಾದರಿಗಳಲ್ಲಿ ಹೀಗೆ ಎರಡು ಬಗೆಯ ಚಿಪ್ಪು ಕಂಡರೆ ಕೆಳಗಿನ ಮೆಟ್ಟಿಲಿನ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ನಾನು ಗುರುತು ಹಾಕಿಕೊಳ್ಳುತ್ತೇನೆ.

ಎರಡನೆಯ ಲಕ್ಷಣ, ತಯಾರಕರೇ ಕಡಿಮೆ ಸ್ಟೋರೇಜಿನ ಮಾದರಿಗೆ ಯಾವುದಾದರೂ ಸೌಲಭ್ಯವನ್ನು ಮೊಟಕುಗೊಳಿಸುವುದು. ಐಫೋನ್ 13 ಪ್ರೊದಲ್ಲಿ ಪ್ರೊರೆಸ್ ಎಂಬ ವೃತ್ತಿಪರ ವಿಡಿಯೋ ಬಂದಾಗ 128 ಜಿಬಿಯ ಮಾದರಿಯಲ್ಲಿ ಅದನ್ನು 1080 ಪಿಕ್ಸೆಲ್‌ಗೆ ಸೀಮಿತಗೊಳಿಸಲಾಯಿತು, ಹೆಚ್ಚಿನ ಸ್ಟೋರೇಜಿನ ಮಾದರಿಗಳಲ್ಲಿ 4ಕೆ ಸಿಕ್ಕಿತು. ಸಾಮಾನ್ಯ ವಿಡಿಯೋವೇ 4ಕೆಯಲ್ಲಿ ಸೆಕೆಂಡಿಗೆ 60 ಚೌಕಟ್ಟುಗಳಂತೆ ತೆಗೆದರೆ ನಿಮಿಷಕ್ಕೆ ಸುಮಾರು 400 ಎಂಬಿ ನುಂಗುತ್ತದೆ ಎಂದು ಐಫೋನಿನ ಸೆಟ್ಟಿಂಗ್ಸ್ ಪುಟವೇ ತೋರಿಸುತ್ತದೆ. ಅದರ ಮೇಲೆ ಆಪಲ್‌ನ ಕೃತಕ ಬುದ್ಧಿಮತ್ತೆಯ ಸೌಲಭ್ಯವಾದ ಆಪಲ್ ಇಂಟೆಲಿಜೆನ್ಸ್‌ಗೆ 7 ಜಿಬಿ ಜಾಗ ಬೇಕೆಂಬ ಸೂಚನೆ ಬಂತು. ಮೆಮೊರಿ ಕಾರ್ಡ್ ಹಾಕುವ ಸೌಲಭ್ಯ ಐಫೋನಿನಲ್ಲಿ ಎಂದೂ ಇರಲಿಲ್ಲ, ಸ್ಯಾಮ್‌ಸಂಗ್ ಎಸ್ ಸರಣಿಯಲ್ಲಿ 2021ರ ಎಸ್21ರಿಂದ ಇಲ್ಲ. ಮದುವೆ ಸಮಾರಂಭಗಳ ರೀಲ್ಸ್ ಮಾಡುವ ನಮ್ಮೂರಿನ ಹುಡುಗರು 128 ಜಿಬಿ ಐಫೋನನ್ನು ಎಕ್ಸ್‌ಚೇಂಜಿಗೆ ತಂದಾಗ ನಾನು ಮೊದಲು ತೆರೆದು ನೋಡುವುದು ಸ್ಟೋರೇಜ್ ಪಟ್ಟಿಯನ್ನು. ಅದರ ಬಣ್ಣದ ಗೆರೆ ಬಲಗಡೆಯ ಅಂಚಿಗೆ ತಾಗಿರುತ್ತದೆ, ಫೋಟೋ ಮತ್ತು ವಾಟ್ಸಾಪ್ ಸೇರಿ ಮುಕ್ಕಾಲು ಪಾಲು ಹಿಡಿದಿರುತ್ತವೆ. ಬ್ಯಾಟರಿ ಇನ್ನೂ ಚೆನ್ನಾಗಿರುವ ಫೋನನ್ನು ಜಾಗ ಸಾಲದೆಂಬ ಒಂದೇ ಕಾರಣಕ್ಕೆ ಜನ ಬಿಟ್ಟುಕೊಡಲಾರಂಭಿಸಿದರೆ, ಮುಂದಿನ ಪೀಳಿಗೆಯಲ್ಲಿ ಆ ಮೆಟ್ಟಿಲು ಇರುವುದಿಲ್ಲ ಎಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ.

ಸರ್ಕಾರಿ ದಾಖಲೆಗಳನ್ನೂ ನೋಡುತ್ತೇನೆ, ಆದರೆ ಯಾವುದು ಏನನ್ನು ಹೇಳುತ್ತದೆ ಎಂಬ ಎಚ್ಚರದಿಂದ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ಪಟ್ಟಿಯಲ್ಲಿ ಮಾದರಿ ಸಂಖ್ಯೆ ಕಂಡರೆ ಆ ಫೋನು ಭಾರತಕ್ಕೆ ಬರುವ ಸಾಧ್ಯತೆ ಗಟ್ಟಿಯಾಯಿತು ಎಂದಷ್ಟೇ ಅರ್ಥ; ಅದರಲ್ಲಿ ಸ್ಟೋರೇಜ್ ಇರುವುದಿಲ್ಲ, ಬೆಲೆಯಂತೂ ಇಲ್ಲವೇ ಇಲ್ಲ. ಚೀನಾದ ಟೆನಾ ಎಂಬ ಪ್ರಮಾಣೀಕರಣ ಪಟ್ಟಿಯಲ್ಲಿ ರ್‍ಯಾಮ್ ಮತ್ತು ಸ್ಟೋರೇಜ್ ಆಯ್ಕೆಗಳೆಲ್ಲ ಇರುತ್ತವೆ, ಆದರೆ ಅಲ್ಲಿರುವ ಆಯ್ಕೆಗಳೆಲ್ಲ ಇಲ್ಲಿಗೆ ಬರುವುದಿಲ್ಲ. ಗೀಕ್‌ಬೆಂಚ್ ಎಂಬ ವೇಗ ಅಳೆಯುವ ಪರೀಕ್ಷೆಯ ಫಲಿತಾಂಶದಲ್ಲಿ ರ್‍ಯಾಮ್ ಕಾಣುತ್ತದೆ, ಸ್ಟೋರೇಜ್ ಕಾಣುವುದಿಲ್ಲ. ಸೋರಿಕೆಯಾಗುವ ಚಿತ್ರಗಳಲ್ಲಿ ನನಗೆ ಅತ್ಯಂತ ಉಪಯುಕ್ತವಾದದ್ದು ಭಾರತದ ಚಿಲ್ಲರೆ ಡಬ್ಬಿಯ ಲೇಬಲ್, ಏಕೆಂದರೆ ರ್‍ಯಾಮ್, ಸ್ಟೋರೇಜ್, ಬಣ್ಣ, ತಯಾರಾದ ತಿಂಗಳು ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ಆದರೆ ಅದೇ ಲೇಬಲ್‌ನ ಎಂಆರ್‌ಪಿಯನ್ನು ಬೆಲೆ ಎಂದು ನಂಬಬಾರದು. ಅನೇಕ ಬ್ರ್ಯಾಂಡುಗಳಲ್ಲಿ ಎಂಆರ್‌ಪಿ ಒಂದಾದರೆ, ನಾವು ಅಂಗಡಿಯವರು ಎಂಓಪಿ ಎನ್ನುವ ಮಾರುಕಟ್ಟೆ ದರ ಅದಕ್ಕಿಂತ ಹಲವು ಸಾವಿರ ಕಡಿಮೆ ಇರುತ್ತದೆ. ಆ ಚಿತ್ರವನ್ನು ಹಿಡಿದು ‘ಬೆಲೆ ಬಹಿರಂಗ’ ಎಂದು ಬರೆಯುವ ಸುದ್ದಿಗಳು ಗಿರಾಕಿಗಳನ್ನು ವಿನಾಕಾರಣ ಗಾಬರಿಗೊಳಿಸುತ್ತವೆ.

ಈಗ ಬೆಲೆಯ ಲೆಕ್ಕಕ್ಕೆ ಬರುತ್ತೇನೆ. ಹೊರದೇಶದ ದರವನ್ನು ವಿನಿಮಯ ದರದಿಂದ ಗುಣಿಸಿಬಿಡುವುದು ಎಲ್ಲರೂ ಮಾಡುವ ಕೆಲಸ, ಆದರೆ ಆ ದರದಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ನೋಡದಿದ್ದರೆ ಲೆಕ್ಕಕ್ಕೆ ಅರ್ಥವಿಲ್ಲ. ಅಮೆರಿಕದ ಘೋಷಿತ ದರದಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಯೂರೋಪಿನ ದರದಲ್ಲಿ ವ್ಯಾಟ್ ಸೇರಿರುತ್ತದೆ, ಚೀನಾದ ದರದಲ್ಲಿ ಶೇಕಡ 13ರ ವ್ಯಾಟ್ ಸೇರಿರುತ್ತದೆ. ಜರ್ಮನಿಯಲ್ಲಿ ಐಫೋನ್ 16 ಬಂದಾಗ ಅದರ ಬೆಲೆ 949 ಯೂರೊ ಇತ್ತು. ಅದನ್ನು 93 ರೂಪಾಯಿಯಿಂದ ಗುಣಿಸಿದರೆ 88 ಸಾವಿರ ದಾಟುತ್ತದೆ, ಆದರೆ ಇಲ್ಲಿ ಅದು 79,900ಕ್ಕೆ ಬಂತು. ಆದ್ದರಿಂದ ಯೂರೋಪಿನ ದರದ ಸೋರಿಕೆಯಿಂದ ನಾನು ಮೆಟ್ಟಿಲುಗಳ ನಡುವಿನ ಅಂತರವನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಮೊತ್ತವನ್ನು ಬಿಟ್ಟುಬಿಡುತ್ತೇನೆ.

ಐಫೋನಿಗೆ ನನ್ನ ಪುಸ್ತಕದಲ್ಲಿ ಒಂದು ಡಾಲರಿಗೆ ಎಷ್ಟು ರೂಪಾಯಿ ಬಿತ್ತು ಎಂಬ ಪ್ರತ್ಯೇಕ ಅಂಕಣವಿದೆ. ಐಫೋನ್ 13ರಿಂದ 16ರವರೆಗೆ ಅಮೆರಿಕದಲ್ಲಿ 799 ಡಾಲರ್, ಇಲ್ಲಿ 79,900 ರೂಪಾಯಿ. 256 ಜಿಬಿಗೆ 899 ಡಾಲರ್, 89,900 ರೂಪಾಯಿ. 512 ಜಿಬಿಗೆ 1,099 ಡಾಲರ್, 1,09,900 ರೂಪಾಯಿ. 2025ರ ಫೆಬ್ರವರಿಯ 16ಇ 599 ಡಾಲರ್, 59,900 ರೂಪಾಯಿ. ಎಲ್ಲವೂ ಸರಿಯಾಗಿ ನೂರು. ಪ್ರೊ ಮಾದರಿಗಳಲ್ಲಿ ಮಾತ್ರ ಈ ಅಂಕಿ ಬೇರೆ: 14 ಪ್ರೊಗೆ 130, 15 ಪ್ರೊಗೆ 135, 16 ಪ್ರೊಗೆ 120.

ಈ ವ್ಯತ್ಯಾಸದ ಮೂಲ ನಮ್ಮ ನೆಲದಲ್ಲೇ ಇದೆ. ಐಫೋನ್ ಜೋಡಣೆ ಭಾರತದಲ್ಲಿ ಆರಂಭವಾದದ್ದು 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿಯಿಂದ. ನಂತರ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆ ಬಂತು, ಅದನ್ನು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ಈಗ ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಘಟಕವೂ ಇದೆ. ಇಲ್ಲಿ ಜೋಡಿಸಿದ ಫೋನಿಗೆ ಸಿದ್ಧ ಫೋನಿನ ಆಮದು ಸುಂಕ ಬೀಳುವುದಿಲ್ಲ. ಪ್ರೊ ಮಾದರಿಗಳ ಜೋಡಣೆ ಇಲ್ಲಿ ಆರಂಭವಾದದ್ದು 2024ರ 16 ಪ್ರೊದಿಂದ. 2024ರ ಜುಲೈ 23ರ ಬಜೆಟ್ಟಿನಲ್ಲಿ ಮೊಬೈಲ್ ಫೋನಿನ ಮೂಲ ಸುಂಕವನ್ನು ಶೇಕಡ 20ರಿಂದ 15ಕ್ಕೆ ಇಳಿಸಿದಾಗ ಆಪಲ್ ತನ್ನ ದರಗಳನ್ನು ಪರಿಷ್ಕರಿಸಿತು. 15 ಪ್ರೊ 5,100 ರೂಪಾಯಿ ಇಳಿಯಿತು, ಐಫೋನ್ 15 ಇಳಿದದ್ದು 300 ರೂಪಾಯಿ. ಯಾವ ಮಾದರಿಯ ಬೆಲೆಯಲ್ಲಿ ಆಮದು ಸುಂಕ ಅಡಗಿತ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಾಖಲೆ ನನಗೆ ಸಿಕ್ಕಿಲ್ಲ. ಆ ದಿನದಿಂದ ಬಜೆಟ್ ಭಾಷಣದ ಸುಂಕದ ಭಾಗವನ್ನು ನಾನು ಅಕ್ಷರ ಬಿಡದೆ ಓದುತ್ತೇನೆ. 2020ರ ಏಪ್ರಿಲ್ 1ರಂದು ಜಿಎಸ್‌ಟಿ ಶೇಕಡ 12ರಿಂದ 18ಕ್ಕೆ ಏರಿದ್ದು ಇನ್ನೊಂದು ಮಹತ್ವದ ತಿರುವು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ ಟಿವಿ, ಎಸಿಗಳ ತೆರಿಗೆ ಇಳಿದರೂ ಮೊಬೈಲಿನದು 18ರಲ್ಲೇ ಉಳಿಯಿತು. ಆ ವಾರಗಳಲ್ಲಿ ‘ಮೊಬೈಲಿಗೂ ಇಳಿಯುತ್ತದಂತೆ, ಹೌದಾ ಅಣ್ಣಾ?’ ಎಂದು ಕೇಳಿ ಬಂದವರಿಗೆಲ್ಲ ಇದನ್ನು ವಿವರಿಸಬೇಕಾಯಿತು.

ಐಫೋನ್ 17ರ ಲೆಕ್ಕವನ್ನು ನಾನು 2025ರ ಆಗಸ್ಟಿನಲ್ಲಿ ಹೀಗೆ ಮಾಡಿದೆ. 128 ಜಿಬಿ ನಾಲ್ಕು ಪೀಳಿಗೆ ಪೂರೈಸಿತ್ತು, ಪಿಕ್ಸೆಲ್ ಮತ್ತು ಒನ್‌ಪ್ಲಸ್ ಇಲ್ಲಿ 256ಕ್ಕೆ ಹೋಗಿದ್ದವು, ಎಸ್25 ಕೂಡ 256ರಿಂದಲೇ ಆರಂಭವಾಗಿತ್ತು; ಆದ್ದರಿಂದ ಆರಂಭ 256 ಜಿಬಿ ಎಂದು ಬರೆದೆ. ಹಾಗಾದರೆ ಬೆಲೆ ಹಳೆಯ ಎರಡು ಮೆಟ್ಟಿಲುಗಳಾದ 79,900 ಮತ್ತು 89,900ರ ನಡುವೆ ಇರಬೇಕು. ಅಮೆರಿಕದ ದರ 799ರಲ್ಲೇ ಉಳಿದರೆ ಇಲ್ಲಿ ನೂರರ ಲೆಕ್ಕ ನಡೆಯುವುದು ಕಷ್ಟ ಎನ್ನಿಸಿತು, ಏಕೆಂದರೆ ಐಫೋನ್ 13 ಬಂದಾಗ 73-74 ರೂಪಾಯಿ ಇದ್ದ ಡಾಲರ್ ಈಗ 88ರ ಹತ್ತಿರವಿತ್ತು. 799ನ್ನು 88ರಿಂದ ಗುಣಿಸಿದರೆ 70,312. ಅದಕ್ಕೆ ಶೇಕಡ 18ರ ಜಿಎಸ್‌ಟಿ ಸೇರಿಸಿದರೆ 82,968. ನೂರರ ಲೆಕ್ಕದ 79,900 ಇದಕ್ಕಿಂತ ಕೆಳಗೆ ಬೀಳುತ್ತದೆ, ಅಂದರೆ ಅಮೆರಿಕಕ್ಕಿಂತ ಇಲ್ಲಿ ಕಡಿಮೆ ದರಕ್ಕೆ ಮಾರಿದಂತಾಗುತ್ತದೆ, ಅದನ್ನು ಯಾವ ಕಂಪನಿಯೂ ಸುಲಭವಾಗಿ ಮಾಡುವುದಿಲ್ಲ. ಹೀಗಾಗಿ 82 ಸಾವಿರದಿಂದ 85 ಸಾವಿರದೊಳಗೆ ಎಂದು ಬರೆದಿಟ್ಟೆ. ಸೆಪ್ಟೆಂಬರಿನಲ್ಲಿ ಘೋಷಣೆಯಾದದ್ದು 256 ಜಿಬಿಗೆ 82,900 ರೂಪಾಯಿ. 17 ಪ್ರೊಗೆ ಇದೇ ಲೆಕ್ಕದಲ್ಲಿ, ಜೋಡಣೆ ಇಲ್ಲಿದ್ದರೂ ಆಮದು ಸುಂಕ ಇದ್ದಂತೆಯೇ ಶೇಕಡ 15 ಸೇರಿಸಿದರೆ, 1,099 ಡಾಲರಿಗೆ 1,31,238 ರೂಪಾಯಿ ಬರುತ್ತದೆ. ಬಂದ ದರ 1,34,900. ಪ್ರೊ ಕೊಳ್ಳುವವರಿಂದ ಹೆಚ್ಚಿನ ಲಾಭ ಪಡೆಯುವ ಕ್ರಮವನ್ನು ಕಂಪನಿ ಸ್ಥಳೀಯ ಜೋಡಣೆಯ ನಂತರವೂ ಬಿಟ್ಟಿಲ್ಲ ಎಂದು ನನ್ನ ತೀರ್ಮಾನ.

ಈ ಅಂದಾಜು ಅಂಗಡಿಯಲ್ಲಿ ಹೇಗೆ ಕೆಲಸಕ್ಕೆ ಬಂತು ಎಂಬುದನ್ನು ಹೇಳಬೇಕು. ಆ ಆಗಸ್ಟಿನಲ್ಲಿ ಕಾಲೇಜು ಉಪನ್ಯಾಸಕಿಯೊಬ್ಬರು ಐಫೋನ್ 16ರ 256 ಜಿಬಿ ಕೊಳ್ಳಲು ಬಂದಿದ್ದರು. ಅದರ ಘೋಷಿತ ದರ ಆಗ 89,900. ನಾನು ಪುಸ್ತಕ ತೆರೆದು ಸಾಲುಗಳನ್ನು ತೋರಿಸಿ, ‘ಮೇಡಂ, ಅವಸರವಿಲ್ಲದಿದ್ದರೆ ಸೆಪ್ಟೆಂಬರ್ ಮಧ್ಯದವರೆಗೆ ಕಾಯಿರಿ. ಇಷ್ಟೇ ಸ್ಟೋರೇಜಿನ ಹೊಸ ಫೋನು ಇದಕ್ಕಿಂತ ಕಡಿಮೆಗೆ ಬರಬಹುದು’ ಎಂದೆ. ಅವರು ಗೆರೆ ಎಳೆದ ಅಂಕಣಗಳನ್ನು ನಿಧಾನವಾಗಿ ನೋಡಿ, ‘ಬರದೇ ಹೋದರೆ?’ ಎಂದು ಕೇಳಿದರು. ‘ಬರದಿದ್ದರೂ ನಿಮಗೆ ಬೇಕಾದ ಈ ಫೋನಿನ ದರ ಇಳಿದೇ ಇಳಿಯುತ್ತದೆ, ನಷ್ಟವಿಲ್ಲ’ ಎಂದೆ. ಹಿಂದಿನ ವರ್ಷ 16 ಬಂದಾಗ ಐಫೋನ್ 15ರ ದರ 69,900ಕ್ಕೆ ಇಳಿದಿತ್ತು, 17 ಬಂದಾಗ 16ರ 128 ಜಿಬಿಯೂ 69,900ಕ್ಕೆ ಇಳಿಯಿತು; ಈ ಇಳಿಕೆ ಆಪಲ್‌ನ ಮಟ್ಟಿಗೆ ಪ್ರತಿ ವರ್ಷದ ಕ್ರಮ. ಅವರು ಕಾದು ಹೊಸದನ್ನೇ ಕೊಂಡರು. ಆ ತಿಂಗಳು ನನ್ನ ಕಡೆಯಿಂದ ನಾನು ಮಾಡಿದ್ದು, 16ರ 256 ಮತ್ತು 512 ಜಿಬಿಯನ್ನು ಹೊಸದಾಗಿ ತರಿಸುವುದನ್ನು ನಿಲ್ಲಿಸಿ 128 ಜಿಬಿಯನ್ನು ಮಾತ್ರ ಇಟ್ಟುಕೊಂಡದ್ದು. ಹೊಸ ಫೋನಿನ ಆರಂಭವೇ 256 ಆದ ಮೇಲೆ ಹಳೆಯ 256ಕ್ಕೆ ಗಿರಾಕಿ ಸಿಗುವುದು ಕಷ್ಟ, ಆದರೆ ಎಪ್ಪತ್ತು ಸಾವಿರದೊಳಗೆ ಐಫೋನ್ ಬೇಕೆನ್ನುವವರಿಗೆ ಹಳೆಯ 128 ಬೇಕೇ ಬೇಕು.

ಚೀನಾ ಮೂಲದ ಬ್ರ್ಯಾಂಡುಗಳಿಗೆ ಈ ಡಾಲರ್ ಲೆಕ್ಕ ನಡೆಯುವುದಿಲ್ಲ. ಅವು ಮೊದಲು ಚೀನಾದಲ್ಲಿ ಬಿಡುಗಡೆಯಾಗುವುದರಿಂದ ಯುವಾನ್ ದರ ವಾರಗಳ ಮುಂಚೆಯೇ ಕೈಗೆ ಸಿಗುತ್ತದೆ. ಒನ್‌ಪ್ಲಸ್ 11ರ 16+256 (ಮೊದಲನೆಯದು ರ್‍ಯಾಮ್, ಎರಡನೆಯದು ಸ್ಟೋರೇಜ್) ಮಾದರಿಗೆ ಅಲ್ಲಿ 4,399 ಯುವಾನ್, ಇಲ್ಲಿ 61,999 ರೂಪಾಯಿ. ಅಂದರೆ ಒಂದು ಯುವಾನಿಗೆ 14 ರೂಪಾಯಿ. ಒನ್‌ಪ್ಲಸ್ 12ರ 12+256ಕ್ಕೆ 4,299 ಯುವಾನ್, ಇಲ್ಲಿ 64,999, ಅಂದರೆ 15. ಒನ್‌ಪ್ಲಸ್ 13ಕ್ಕೆ 4,499 ಯುವಾನ್, ಇಲ್ಲಿ 69,999, ಹದಿನೈದೂವರೆ. 2025ರ ಕೊನೆಯಲ್ಲಿ ಒನ್‌ಪ್ಲಸ್ 15 ಚೀನಾದಲ್ಲಿ 3,999 ಯುವಾನಿಗೆ ಇಳಿಯಿತು, ಇಲ್ಲಿ ಮಾತ್ರ 72,999ಕ್ಕೆ ಏರಿತು. ಗುಣಕ ಹದಿನೆಂಟನ್ನು ದಾಟಿತು. ಚೀನಾದ ದರ ಅಲ್ಲಿನ ಪೈಪೋಟಿಯಿಂದ ನಿರ್ಧಾರವಾಗುತ್ತದೆ, ನಮ್ಮ ದರ ನಮ್ಮಲ್ಲಿನ ಹಿಂದಿನ ದರದಿಂದ ನಿರ್ಧಾರವಾಗುತ್ತದೆ. ಹಾಗಾಗಿ ನಾನು ಯುವಾನ್ ಲೆಕ್ಕವನ್ನು ಕೆಳಮಿತಿ ತಿಳಿಯಲು ಮಾತ್ರ ಬಳಸುತ್ತೇನೆ. ನಿಜವಾದ ಅಂದಾಜನ್ನು ಅದೇ ಸರಣಿಯ ಹಿಂದಿನ ಭಾರತೀಯ ದರದ ಮೇಲೆ ಕಟ್ಟುತ್ತೇನೆ. ಒನ್‌ಪ್ಲಸ್ 13ರಿಂದ 15ಕ್ಕೆ ಇಲ್ಲಿ ಏರಿದ್ದು 3,000 ರೂಪಾಯಿ ಮಾತ್ರ ಎಂಬುದು ಆ ಕ್ರಮವನ್ನು ಸಮರ್ಥಿಸುತ್ತದೆ.

ಮೂವತ್ತು ಸಾವಿರದೊಳಗಿನ ಫೋನುಗಳಲ್ಲಿ ಇನ್ನೊಂದು ಸಂಗತಿ ಮುಖ್ಯವಾಗುತ್ತದೆ: ಘೋಷಿತ ದರ ಮತ್ತು ಬ್ಯಾಂಕ್ ಕಾರ್ಡಿನ ರಿಯಾಯಿತಿ ಕಳೆದ ದರ ಎರಡೂ ಬೇರೆ. ನಥಿಂಗ್ ಫೋನ್ 2ಎ 2024ರಲ್ಲಿ 8+128ಕ್ಕೆ 23,999 ರೂಪಾಯಿಯಿಂದ ಆರಂಭವಾಯಿತು. 2025ರ 3ಎ 24,999 ಎಂದು ಘೋಷಣೆಯಾದರೂ ಬ್ಯಾಂಕ್ ರಿಯಾಯಿತಿಯ ನಂತರ 22,999ಕ್ಕೆ ಸಿಗುತ್ತಿತ್ತು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಎರಡನೆಯ ಅಂಕಿ. ಕ್ರೆಡಿಟ್ ಕಾರ್ಡ್ ಇಲ್ಲದೆ ಫೈನಾನ್ಸಿನ ಇಎಂಐಯಲ್ಲಿ ಕೊಳ್ಳುವ ಗಿರಾಕಿಗೆ ಆ ಅಂಕಿ ಅನ್ವಯಿಸುವುದಿಲ್ಲ, ಮತ್ತು ನನ್ನ ಅಂಗಡಿಗೆ ಬರುವವರಲ್ಲಿ ಅಂಥವರೇ ಹೆಚ್ಚು. ಹೀಗಾಗಿ ನಾನು ಪುಸ್ತಕದಲ್ಲಿ ಘೋಷಿತ ದರವನ್ನೇ ಬರೆಯುತ್ತೇನೆ, ಗಿರಾಕಿಗೂ ಅದನ್ನೇ ಮೊದಲು ಹೇಳುತ್ತೇನೆ.

ಇಷ್ಟು ವರ್ಷ ನಡೆದ ಕ್ರಮಕ್ಕೆ ಈಗ ದೊಡ್ಡ ಅಡ್ಡಿ ಬಂದಿದೆ. 2023ರಲ್ಲಿ ಮೆಮೊರಿ ಚಿಪ್ಪುಗಳ ದರ ಬಹಳ ಇಳಿದಿತ್ತು. ಮುಂದಿನ ಒಂದೆರಡು ವರ್ಷಗಳಲ್ಲಿ 256 ಜಿಬಿ ಎಲ್ಲೆಡೆ ಆರಂಭಿಕ ಮೆಟ್ಟಿಲಾಗಲು ಅದೂ ಸಹಾಯ ಮಾಡಿತು. 2025ರ ಉತ್ತರಾರ್ಧದಿಂದ ದಿಕ್ಕು ತಿರುಗಿದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಕಂಪನಿಗಳು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಯ ಕಡೆ ಗಮನ ತಿರುಗಿಸಿದ್ದರಿಂದ ಫೋನಿನ ರ್‍ಯಾಮ್ ಮತ್ತು ಸ್ಟೋರೇಜ್ ಎರಡೂ ದುಬಾರಿಯಾಗಿವೆ. ಆ ಅಕ್ಟೋಬರಿನಲ್ಲಿ ಚೀನಾದಲ್ಲಿ ರೆಡ್ಮಿ ಕೆ90 ಬಂದಾಗ ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚೆಂದು ಗ್ರಾಹಕರು ದೂರಿದರು. ರೆಡ್ಮಿಯ ಮಾತೃ ಕಂಪನಿ ಶಓಮಿಯ ಅಧ್ಯಕ್ಷ ಲು ವೈಬಿಂಗ್ ಅವರು ಮೆಮೊರಿಯ ವೆಚ್ಚ ನಿರೀಕ್ಷೆಗಿಂತ ಹೆಚ್ಚು ಏರಿದೆಯೆಂದು ವಿವರಿಸಬೇಕಾಯಿತು, 12+512ರ ದರವನ್ನು ಮೊದಲ ತಿಂಗಳ ಮಟ್ಟಿಗೆ 3,199ರಿಂದ 2,899 ಯುವಾನಿಗೆ ಇಳಿಸಬೇಕಾಯಿತು. ಈ ಸುದ್ದಿಯನ್ನು ನಾನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಏಕೆಂದರೆ ಇದುವರೆಗೆ ನಾನು ಅಷ್ಟಾಗಿ ಬದಲಾಗದ್ದೆಂದು ಹಿಡಿದಿದ್ದ ಮೆಟ್ಟಿಲುಗಳ ಅಂತರವೇ ಈಗ ಚಲಿಸುತ್ತಿದೆ. ಸ್ಯಾಮ್‌ಸಂಗ್ ಎಸ್24 ಅಲ್ಟ್ರಾದಲ್ಲಿ 256ರಿಂದ 512 ಜಿಬಿಗೆ 10,000 ರೂಪಾಯಿ ಇದ್ದ ಅಂತರ ಎಸ್25 ಅಲ್ಟ್ರಾದಲ್ಲೇ 12,000 ಆಗಿತ್ತು. ಒನ್‌ಪ್ಲಸ್ 12ರಲ್ಲಿ 5,000 ಇದ್ದದ್ದು 13ರಲ್ಲಿ 7,000 ಆಗಿತ್ತು. ಇವು ಚಿಪ್ಪಿನ ದರ ಹೀಗೆ ಏರುವ ಮೊದಲಿನ ಅಂಕಿಗಳು.

ಇದನ್ನೆಲ್ಲ ಇಟ್ಟುಕೊಂಡು ಮುಂದಿನ ಸಾಲುಗಳನ್ನು ನಾನು ಹೀಗೆ ತುಂಬಿದ್ದೇನೆ. ಎಪ್ಪತ್ತು ಸಾವಿರದ ಮೇಲಿನ ಫೋನುಗಳಲ್ಲಿ 256 ಜಿಬಿಯ ಆರಂಭ ಹಿಂದಕ್ಕೆ ಹೋಗುವುದಿಲ್ಲ, ಏಕೆಂದರೆ ಒಮ್ಮೆ ಕೊಟ್ಟದ್ದನ್ನು ಅದೇ ಬೆಲೆಗೆ ಅರ್ಧ ಮಾಡಿದರೆ ಗಿರಾಕಿ ಒಪ್ಪುವುದಿಲ್ಲ. ಬದಲಿಗೆ ಆರಂಭಿಕ ದರವನ್ನು ಹಿಡಿದಿಟ್ಟು 512ರ ಮೆಟ್ಟಿಲನ್ನು ದುಬಾರಿ ಮಾಡುತ್ತಾರೆ. 2026ರ ಉನ್ನತ ಫೋನುಗಳಲ್ಲಿ 256 ಮತ್ತು 512ರ ನಡುವೆ 15,000 ರೂಪಾಯಿಗಿಂತ ಹೆಚ್ಚಿನ ಅಂತರ ಸಾಮಾನ್ಯವಾಗಬಹುದು ಎಂದು ಬರೆದಿದ್ದೇನೆ. ಇಪ್ಪತ್ತು ಸಾವಿರದೊಳಗಿನ ಫೋನುಗಳಲ್ಲಿ ದರ ಏರಿಸಲು ಅವಕಾಶ ಕಡಿಮೆ, ಆದ್ದರಿಂದ ಅಲ್ಲಿ 8 ಜಿಬಿ ರ್‍ಯಾಮ್ 6ಕ್ಕೆ, 6 ಇದ್ದದ್ದು 4ಕ್ಕೆ ಇಳಿಯುವ ಸಾಧ್ಯತೆ ಹೆಚ್ಚು; ಹೆಸರು ಹೊಸದು, ದರ ಹಳೆಯದು, ರ್‍ಯಾಮ್ ಕಡಿಮೆ ಎಂಬ ಫೋನುಗಳು ಬಂದರೆ ಅವನ್ನು ಕಡಿಮೆ ಸಂಖ್ಯೆಯಲ್ಲಿ ತರಿಸುತ್ತೇನೆ. ಈ ವಿಭಾಗದಲ್ಲಿ ಸದ್ಯ ಸಿಗುತ್ತಿರುವ 8+256 ಮಾದರಿಗಳನ್ನು ಮಾತ್ರ, ಹಳೆಯ ಡೀಲರ್ ದರದಲ್ಲಿ ಸಿಗುವಷ್ಟು ಕಾಲ, ವಾಡಿಕೆಗಿಂತ ಹೆಚ್ಚಾಗಿಯೇ ಸಂಗ್ರಹಿಸುತ್ತಿದ್ದೇನೆ, ಮತ್ತು ಮಕ್ಕಳ ಕಾಲೇಜು ಆರಂಭಕ್ಕೆ ಫೋನು ಕೊಡಿಸಲು ಜೂನ್‌ವರೆಗೆ ಕಾಯೋಣವೆನ್ನುವ ತಂದೆತಾಯಿಗಳಿಗೆ ಈ ಬಾರಿ ಕಾಯಬೇಡಿರೆಂದೇ ಹೇಳುತ್ತಿದ್ದೇನೆ.